ಒಂದು ಡಬ್ಬಿ ಕೋಟೆ ಮಣ್ಣು

ಹೈದರಾಬಾದು
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪ,

ಅವ್ವನ ಮೊಣಕಾಲು ಹೇಗಿದೆ ಅಂತ ಮೊನ್ನೆ ಫೋನಿನಲ್ಲಿ ನೀವು ಸರಿಯಾಗಿ ಹೇಳಲೇ ಇಲ್ಲ. ಮಾತು ನನ್ನ ಕ್ಲಾಸಿನ ಕಡೆ ಹೊರಳಿತು. "ಎಲ್ಲಾ ಹುಡುಗ್ರ ಕೈಲೇ ಮಾಡಸ್ತಿ, ನೀ ಸುಮ್ನ ಬೆಂಚಿನ ನಡುವ ಸುತ್ತಾಡ್ತಿ. ಹಂಗಾದ್ರ ನಿನಗ್ಯಾಕ ಪಗಾರ ಕೊಡಬೇಕು?" ಅಂದಿರಿ. ಆಗ ನಕ್ಕೆ. ಫೋನಿಟ್ಟ ಮೇಲೆ ಚುಚ್ಚಿತು. ನಿಮ್ಮ ಜೊತೆ ಮಾತಿನಲ್ಲಿ ವಾದ ಮಾಡಿ ಗೆದ್ದವರು ಬೀದರಿನಲ್ಲಿ ಯಾರೂ ಇಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕೆ ನಡುವೆ ಬಾಯಿ ಹಾಕಲಿಕ್ಕೆ ಬರುವುದಿಲ್ಲವಲ್ಲ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಲೆಕ್ಚರರ್ ಆದದ್ದು ನಿಮ್ಮ ಪಾಠ ಕೇಳಿಯೇ. ಹತ್ತು ವರ್ಷದವಳಿದ್ದಾಗ ಒಂದು ಶನಿವಾರ ನನ್ನನ್ನು ಕಾಲೇಜಿಗೆ ಕರೆದೊಯ್ದು ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಕೂಡಿಸಿದ್ದಿರಿ. ನೀವು ಚಾಕ್ ಎತ್ತದೆ ಒಂದೇ ಗೀಟಿನಲ್ಲಿ ಬೆಂಜೀನಿನ ಷಟ್ಕೋನ ಬರೆದಿರಿ. ಕೆಕುಲೆಗೆ ಕನಸಿನಲ್ಲಿ ಹಾವು ತನ್ನ ಬಾಲವನ್ನೇ ಕಚ್ಚಿಕೊಂಡ ಕತೆ ಹೇಳಿದಿರಿ. ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ. ನಾನು ಮನಸೋತದ್ದು ರಸಾಯನಶಾಸ್ತ್ರಕ್ಕಲ್ಲ ಅಪ್ಪ, ಆ ನಿಶ್ಶಬ್ದಕ್ಕೆ. ಆಮೇಲೆ ಹನ್ನೆರಡು ವರ್ಷ ನಾನೂ ಅದನ್ನೇ ಮಾಡಿದೆ. ನನ್ನ ಷಟ್ಕೋನವೂ ಚೆನ್ನಾಗಿಯೇ ಇತ್ತು. ಹಾವೂ ಸರಿಯಾಗಿಯೇ ಬಾಲ ಕಚ್ಚುತ್ತಿತ್ತು.

ಒಂದು ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅದು ಕೆಟ್ಟಿತು. ಲವಣ ವಿಶ್ಲೇಷಣೆ. ಅದರ ಒಳಗುಟ್ಟು ನಿಮಗೆ ಗೊತ್ತು. ಪುಡಿ ನೀಲಿ ಕಂಡರೆ ಸಾಕು, ಹುಡುಗರು ಕೊನೆಯ ಪುಟದಲ್ಲಿ "ತಾಮ್ರ" ಅಂತ ಬರೆದು, ಅಲ್ಲಿಂದ ಹಿಂದಕ್ಕೆ ನಡೆದುಬಂದು ವಿಧಾನ ತುಂಬುತ್ತಾರೆ. ಬಣ್ಣದಿಂದ ತಿಳಿಯದಿದ್ದರೆ ಅಟೆಂಡರ್ ಕೆಮ್ಮಿನ ನಡುವೆ ಹೇಳಿಬಿಡುತ್ತಾನೆ. ಆ ದಿನ ಕ್ಲಾಸಿಗೇ ಮೊದಲಿಗಳಾದ ಹುಡುಗಿ ವೈವಾಕ್ಕೆ ಬಂದಳು. ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಕಪ್ಪು ಒತ್ತರ ಬಂತು ಅಂತ ದುಂಡಗೆ ಬರೆದಿದ್ದಳು. ಅವತ್ತು ಬೆಳಿಗ್ಗೆಯಿಂದ ಆ ಅನಿಲ ಕೊಡುವ ಕಿಪ್ಸ್ ಉಪಕರಣವೇ ಕೆಟ್ಟಿತ್ತು. ಲ್ಯಾಬಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯೇ ಇರಲಿಲ್ಲ.

"ಒತ್ತರ ನೋಡಿದೆಯಾ?" ಅಂತ ಕೇಳಿದೆ.

"ಬರಬೇಕು ಮೇಡಮ್."

"ಬಂತಾ?"

"ಬರಬೇಕು ಮೇಡಮ್."

ಅವಳು ಸುಳ್ಳು ಹೇಳುತ್ತಿರಲಿಲ್ಲ ಅಪ್ಪ. "ಬರಬೇಕು", "ಬಂತು" ಇವೆರಡೂ ಬೇರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಇಲ್ಲಿನ ಇಂಟರ್‌ಮೀಡಿಯೆಟ್ ಹೇಗಿದೆ ಅಂದರೆ ಬೆಳಕು ಹರಿಯುವ ಮೊದಲೇ ಸ್ಟಡಿ ಅವರ್, ರಾತ್ರಿಯೂ ಸ್ಟಡಿ ಅವರ್, ನಡುವೆ ಬಿಟ್ ಪೇಪರು. ಅದನ್ನು ದಾಟಿ ಬಿಎಸ್ಸಿಗೆ ಬಂದವಳಿಗೆ ನಾನು ಮೂರು ವರ್ಷ ಇನ್ನೂ ಸೊಗಸಾದ "ಬರಬೇಕು"ಗಳನ್ನು ಕೊಟ್ಟಿದ್ದೆ. ಅವಳಿಗೆ ಪೂರ್ತಿ ಅಂಕ ಹಾಕಿದೆ. ಮನೆಗೆ ಬಂದು ಊಟ ಸೇರಲಿಲ್ಲ.

ಮರುವರ್ಷ ಮೊದಲ ಸೆಮಿಸ್ಟರಿನವರಿಗೆ ಹೋದ ಮೊದಲ ದಿನವೇ ಪಾಠ ಮಾಡಲಿಲ್ಲ. "ಚಹಾ ಕುದಿಯುವಾಗ ಗುಳ್ಳೆ ಏಳುತ್ತವಲ್ಲ, ಅವುಗಳೊಳಗೆ ಏನಿದೆ?" ಅಂತ ಕೇಳಿ, ಬೋರ್ಡಿನ ಮೇಲೆ ನಾಲ್ಕು ಉತ್ತರ ಬರೆದೆ: ಗಾಳಿ, ಹೈಡ್ರೋಜನ್ ಮತ್ತು ಆಕ್ಸಿಜನ್, ನೀರಿನ ಆವಿ, ಏನೂ ಇಲ್ಲ. ಕೈ ಎತ್ತಿ ಅಂದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಹೈಡ್ರೋಜನ್, ಆಕ್ಸಿಜನ್ನಿಗೆ ಎದ್ದವು. ನಮ್ಮ ಹುಡುಗರು ದಡ್ಡರು ಅಂದುಕೊಳ್ಳಬೇಡಿ. 1983ರಲ್ಲಿ ಆಸ್ಬರ್ನ್ ಮತ್ತು ಕಾಸ್‌ಗ್ರೋವ್ ನ್ಯೂಜಿಲೆಂಡಿನ ಶಾಲೆಗಳಲ್ಲಿ ಇದೇ ಪ್ರಶ್ನೆ ಕೇಳಿದ್ದರು. ವಿಜ್ಞಾನ ಓದಿದ ದೊಡ್ಡ ಮಕ್ಕಳೇ ಅಲ್ಲೂ ಈ ಉತ್ತರಕ್ಕೆ ಬಿದ್ದಿದ್ದರು. ನೀರು ಅಂದರೆ ಎಚ್‌-ಟು-ಓ ಅಂತ ನಾವೇ ಕಲಿಸಿದ್ದೇವೆ. ಕುದಿಸಿದರೆ ಆ ಅಕ್ಷರಗಳು ಬಿಡಿಬಿಡಿಯಾಗಿ ಹಾರುತ್ತವೆ ಅಂತ ಅವರು ತಿಳಿದರೆ ತಪ್ಪು ಯಾರದು?

ಇಂಥ ಹೊತ್ತಿನಲ್ಲಿ ನೀವಾಗಿದ್ದರೆ "ತಪ್ಪು!" ಅಂದು ಹೈಡ್ರೋಜನ್ ಬಂಧದ ಮೇಲೆ ಇಪ್ಪತ್ತು ನಿಮಿಷ ಬೆರಗಾಗುವಂತೆ ಮಾತಾಡುತ್ತಿದ್ದಿರಿ. ನನ್ನ ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡು, "ಪಕ್ಕದವರಿಗೆ ನಿಮ್ಮ ಉತ್ತರ ಒಪ್ಪಿಸಿ ನೋಡಿ, ಎರಡು ನಿಮಿಷ" ಅಂದೆ. ಸಂತೆ ಶುರುವಾಯಿತು. ಹಿಂದಿನ ಸಾಲಿನಿಂದ ಹಳೇ ಊರಿನ ಹುಡುಗನೊಬ್ಬನ ದಖನಿ ಎಲ್ಲರಿಗಿಂತ ಮೇಲೆ ಕೇಳಿಸಿತು: "ಐಸಾ ಹೋತಾ ತೋ ಇರಾನಿ ಹೋಟಲ್ ಕಬ್ ಕೀ ಉಡ್ ಜಾತಿ, ಮಿಯಾ!" ಅವನ ಮಾತು ಸರಿ. ಒಲೆಯ ಉರಿಯ ಮೇಲೆ ದಿನವಿಡೀ ಹೈಡ್ರೋಜನ್, ಆಕ್ಸಿಜನ್ ಕೂಡಿಯೇ ಏಳುತ್ತಿದ್ದರೆ ಈ ಊರಿನಲ್ಲಿ ಒಂದು ಚಹಾದಂಗಡಿಯೂ ಉಳಿಯುತ್ತಿರಲಿಲ್ಲ. ಎರಡನೇ ಸಲ ಕೈ ಎತ್ತಿಸಿದಾಗ ಹೆಚ್ಚಿನವರು ಆವಿಯ ಕಡೆ ದಾಟಿದ್ದರು. ನಾನು ಒಂದು ಅಕ್ಷರವೂ ಹೇಳಿರಲಿಲ್ಲ.

ಇದು ನನ್ನ ತಲೆಯಿಂದ ಬಂದ ಉಪಾಯ ಅಲ್ಲ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ಹೀಗೆ ಪಕ್ಕದವರಿಗೆ ಒಪ್ಪಿಸುವ ಪಾಠ ಮಾಡಿದವರು. ನಮ್ಮ ವಿಷಯದಲ್ಲೇ ಬೇಕೆಂದರೆ, ಪೆನ್ಸಿಲ್ವೇನಿಯಾದ ಫ್ರಾಂಕ್ಲಿನ್ ಅಂಡ್ ಮಾರ್ಷಲ್ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರುಗಳು 1994ರಲ್ಲಿ ಉಪನ್ಯಾಸ ಬಿಟ್ಟು ನಾಲ್ಕು ಜನರ ಗುಂಪು ಮಾಡಿದರು. ಒಬ್ಬ ಯಜಮಾನ, ಒಬ್ಬ ಬರೆಯುವವ, ಒಬ್ಬ ಎದ್ದು ಹೇಳುವವ, ಇನ್ನೊಬ್ಬ ಗುಂಪು ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುವವ. ಕೈಗೆ ಒಂದು ಕೋಷ್ಟಕವೋ ಚಿತ್ರವೋ ಕೊಟ್ಟು, ನಿಯಮವನ್ನು ಅವರೇ ಹುಡುಕುವ ಹಾಗೆ ಪ್ರಶ್ನೆ ಜೋಡಿಸುತ್ತಾರೆ. ನೀವು ಅಂಕಿ ಕೇಳುತ್ತೀರಿ ಅಂತ ಗೊತ್ತು: ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಗಣಿತ, ಇಂಜಿನಿಯರಿಂಗಿನ 225 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದಾಗ, ಬರೇ ಉಪನ್ಯಾಸದ ಕ್ಲಾಸುಗಳಲ್ಲಿ ನಪಾಸಾದವರು ಶೇ. 34ರ ಹತ್ತಿರ, ಕೈಹಾಕಿ ಕಲಿಯುವ ಕ್ಲಾಸುಗಳಲ್ಲಿ ಶೇ. 22ರ ಹತ್ತಿರ.

ಹಾಗಂತ ನನ್ನ ಕ್ಲಾಸು ಹೂವಿನ ಹಾಗೆ ಅರಳಿತು ಅಂದುಕೊಳ್ಳಬೇಡಿ. ಮೊದಲ ಎರಡು ತಿಂಗಳು ಫಜೀತಿ. ಬೆಂಚುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ, ಗುಂಪು ಮಾಡುವುದು ಹೇಗೆ? ಕೊನೆಗೆ ಒಂದನೇ, ಮೂರನೇ, ಐದನೇ ಸಾಲಿನವರು ಹಿಂದಕ್ಕೆ ತಿರುಗಿ ಕೂಡ್ರಿ ಅಂದೆ. ಒಂದು ಗುಂಪಿನಲ್ಲಿ ಒಬ್ಬಳೇ ಎಲ್ಲ ಮಾಡುತ್ತಾಳೆ, ಉಳಿದ ಮೂವರು ಮೊಬೈಲು. ಪಕ್ಕದ ಕ್ಲಾಸಿನವರು ಗದ್ದಲ ಅಂತ ಚೀಟಿ ಕಳಿಸಿದರು. ಕೆಲವು ಹುಡುಗರು ಮೇಲಿನವರ ಹತ್ತಿರ ಹೋಗಿ "ಮೇಡಮ್ ಪಾಠ ಹೇಳೋದಿಲ್ಲ" ಅಂದರು. ನಿಮ್ಮ ಮಾತೇ! ಕರೆದು ಕೇಳಿದರು, ನಾನು ಉತ್ತರ ಕೊಟ್ಟೆ, ಅವರಿಗೆ ಒಪ್ಪಿಗೆಯಾಗಲಿಲ್ಲ, ಬಿಟ್ಟರು. ಆ ಕಥೆ ಅಷ್ಟೇ. ಆದರೆ ಹುಡುಗರ ದೂರು ನನ್ನನ್ನು ಕಾಡಿತು. 2019ರಲ್ಲಿ ಹಾರ್ವರ್ಡಿನಲ್ಲೇ ಇದನ್ನು ಅಳೆದು ನೋಡಿದ್ದಾರೆ. ತಾವೇ ಒದ್ದಾಡಿ ಕಲಿತ ಹುಡುಗರು ಪರೀಕ್ಷೆಯಲ್ಲಿ ಹೆಚ್ಚು ತೆಗೆದರು, ಆದರೆ ತಾವು ಕಡಿಮೆ ಕಲಿತೆವು ಅಂತ ಹೇಳಿದರು. ಒಳ್ಳೆ ಉಪನ್ಯಾಸ ಕೇಳಿದವರು ಕಡಿಮೆ ತೆಗೆದರು, ಎಲ್ಲ ತಿಳಿಯಿತು ಅಂದುಕೊಂಡರು. ಅದನ್ನು ಓದಿದಾಗ ನನಗೆ ಗ್ಯಾಲರಿಯ ಆ ಶನಿವಾರ ನೆನಪಾಯಿತು. ಮುನಿಸಿಕೊಳ್ಳಬೇಡಿ. ನನಗೂ ಅವತ್ತು ಎಲ್ಲ ತಿಳಿದ ಹಾಗೇ ಅನ್ನಿಸಿತ್ತು, ಹತ್ತು ವರ್ಷದವಳಿಗೆ, ಬೆಂಜೀನು!

ಈಗ ನಿಮಗೆ ಹೇಳಲೇಬೇಕಾದದ್ದು. ಮೊದಲ ಬೆಂಚಿನ ತುದಿಯಲ್ಲಿ ನಾರಾಯಣಖೇಡದ ಕಡೆಯ ಒಬ್ಬ ಹುಡುಗಿ ಕೂಡುತ್ತಾಳೆ. ತೆಲುಗು ಮೀಡಿಯಮ್ಮಿನಲ್ಲಿ ಓದಿದವಳು. ಅಜ್ಜಿಯ ಕಡೆಯಿಂದ ನಮ್ಮ ಕನ್ನಡವೂ ಸ್ವಲ್ಪ ಬರುತ್ತದೆ. ಇಂಗ್ಲಿಷಿನಲ್ಲಿ ಏನು ಕೇಳಿದರೂ ತಲೆ ತಗ್ಗಿಸುತ್ತಿದ್ದಳು. ಒಂದು ದಿನ ಸೀಮಿತ ಕಾರಕದ ಲೆಕ್ಕ ಕೊಟ್ಟಿದ್ದೆ. ನೈಟ್ರೋಜನ್ 2 ಮೋಲ್, ಹೈಡ್ರೋಜನ್ 5 ಮೋಲ್, ಅಮೋನಿಯಾ ಆಗುವಾಗ ಮೊದಲು ಮುಗಿಯುವುದು ಯಾವುದು? ಎಲ್ಲರೂ ನೈಟ್ರೋಜನ್ ಅಂದರು, ಎರಡು ಐದಕ್ಕಿಂತ ಕಡಿಮೆಯಲ್ಲವೇ. ಅನುಪಾತ ನೋಡಿ, ಅನುಪಾತ ನೋಡಿ ಅಂತ ನಾನು ಹನ್ನೆರಡು ವರ್ಷ ಕಿರುಚಿದ್ದೇನೆ. ಈ ಹುಡುಗಿ ತನ್ನ ಗುಂಪಿನ ಮೂವರಿಗೆ ಮೆಲ್ಲಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಅವಳ ಅವ್ವ ರವಿಕೆ ಹೊಲಿಯುತ್ತಾಳೆ. ಒಂದು ರವಿಕೆಗೆ ಆರು ಹುಕ್ಕು. ಮನೆಯಲ್ಲಿ ಎಂಟು ರವಿಕೆಯ ಬಟ್ಟೆ ಇದೆ, ಹುಕ್ಕು ಮೂವತ್ತು ಇವೆ. ಮೂವತ್ತು ದೊಡ್ಡ ಸಂಖ್ಯೆಯೇ, ಆದರೆ ಐದು ರವಿಕೆಗೆ ಹುಕ್ಕು ಖಾಲಿ. "ಹುಕ್ಕುಲು ಅಯಿಪೋತೇ ಬಟ್ಟ ಎಂತುಂಟೇ ಏಂ ಲಾಭಂ?"

ಹುಕ್ಕು ಮುಗಿದ ಮೇಲೆ ಬಟ್ಟೆ ಎಷ್ಟಿದ್ದರೇನು. ಎರಡು ಮೋಲ್ ನೈಟ್ರೋಜನ್ನಿಗೆ ಆರು ಮೋಲ್ ಹೈಡ್ರೋಜನ್ ಬೇಕು, ಇರುವುದು ಐದು. ಆ ಗುಂಪಿನ ಒಬ್ಬಳು ಅದನ್ನು ಮುಂದಿನ ಗುಂಪಿಗೆ ಹಿಂದಿಯಲ್ಲಿ ದಾಟಿಸಿದಳು, ಅಲ್ಲಿಂದ ದಖನಿಗೆ. ಹತ್ತು ನಿಮಿಷದಲ್ಲಿ ಇಡೀ ಕ್ಲಾಸು ಹುಕ್ಕು ಎಣಿಸುತ್ತಿತ್ತು. ಆಮೇಲೆ ಅವಳನ್ನೇ ಬೋರ್ಡಿಗೆ ಕರೆದೆ. ಇಂಗ್ಲಿಷಿನಲ್ಲೇ ಬರೆದಳು, ತಡವರಿಸುತ್ತ, ಆದರೆ ಏನು ಬರೆಯುತ್ತಿದ್ದೇನೆ ಅಂತ ತಿಳಿದು.

ಅವತ್ತು ನನಗೆ ಅಜ್ಜ ನೆನಪಾದರು. ಈ ಊರಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟುವ ಮುಂಚೆಯೇ, 1917ರಲ್ಲಿ, ಅದಕ್ಕೆ ಬೇಕಾದ ಪುಸ್ತಕಗಳನ್ನು ಉರ್ದುವಿಗೆ ತರಲಿಕ್ಕೆ ಒಂದು ಅನುವಾದ ಕಚೇರಿ ತೆರೆದಿದ್ದರು. ಬ್ರಿಟಿಷರ ಕಾಲದಲ್ಲಿ ದೇಶದ ಮಾತಿನಲ್ಲಿ ಡಿಗ್ರಿ ಮಟ್ಟದ ವಿಜ್ಞಾನ ಹೇಳಿದ ದೊಡ್ಡ ಧೈರ್ಯ ಅದು. ರಸಾಯನಶಾಸ್ತ್ರಕ್ಕೆ ಕೀಮಿಯಾ, ಆಸಿಡ್ಡಿಗೆ ತೇಜಾಬ್, ಮೂಲವಸ್ತುವಿಗೆ ಉನ್ಸುರ್, ಸಂಯುಕ್ತಕ್ಕೆ ಮುರಕ್ಕಬ್. ಆದರೆ ಬೀದರಿನಿಂದ ಅಲ್ಲಿಗೆ ಓದಲು ಬಂದ ಅಜ್ಜನಿಗೆ ಮನೆಯ ಮಾತು ಕನ್ನಡ. ಆ ಉರ್ದುವೂ ಓದಿ ಕಲಿತದ್ದೇ. ಹಾಸ್ಟೆಲಿನಲ್ಲಿ ರಾತ್ರಿ ಗುಲಬರ್ಗಾ, ರಾಯಚೂರಿನ ಹುಡುಗರೆಲ್ಲ ಸೇರಿ ಕೀಮಿಯಾವನ್ನು ಕನ್ನಡದಲ್ಲಿ ಜಗಳವಾಡಿ ಓದುತ್ತಿದ್ದೆವು ಅಂತ ನನಗೆ ಹೇಳಿದ್ದರು. ಅವ್ವ ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಉಜ್ಜುವಾಗ "ಅದೂ ತೇಜಾಬೇ" ಅನ್ನುತ್ತಿದ್ದರು, ನೆನಪಿದೆಯೇ? ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾದಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. 1956ರಲ್ಲಿ ನಮ್ಮ ಬೀದರ್ ಜಿಲ್ಲೆಯೂ ಹೈದರಾಬಾದಿನ ಕಡೆಯಿಂದ ಮೈಸೂರಿನ ಕಡೆಗೆ ಹೋಯಿತು. ನೀವು ಕನ್ನಡ ಶಾಲೆಯಿಂದ ನೇರ ಇಂಗ್ಲಿಷ್ ಪಿಯುಸಿಗೆ ಬಿದ್ದಿರಿ. ಮೂರು ತಲೆಮಾರು, ಮೂರೂ ಕಡೆ ಬೋರ್ಡಿನ ಮೇಲಿನ ಮಾತು ಮೇಷ್ಟ್ರದ್ದು. ಅಜ್ಜ ಕಲಿತದ್ದು ಹಾಸ್ಟೆಲಿನಲ್ಲಿ. ನಾನು ಆ ಹಾಸ್ಟೆಲಿನ ಜಗಳವನ್ನು ಹಗಲು ಹೊತ್ತು ಕ್ಲಾಸಿನೊಳಗೆ ತರಲು ನೋಡುತ್ತಿದ್ದೇನೆ, ಅಷ್ಟೇ. ಗುಂಪಿನಲ್ಲಿ ಯಾವ ಮಾತಾದರೂ ಆಡಿ, ಬೋರ್ಡಿಗೆ ಬರುವಾಗ ಇಂಗ್ಲಿಷ್. ಇದು ನನ್ನ ಕಾನೂನು.

ಪಗಾರದ ಮಾತಿಗೆ ಬರುತ್ತೇನೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳ ಟೇಪು ಕೇಳಿ ಒಂದು ವಿಷಯ ಕಂಡುಹಿಡಿದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಎಳೆದರೆ ಉತ್ತರಗಳು ಉದ್ದವಾಗುತ್ತವೆ, ಎಂದೂ ಬಾಯಿ ಬಿಡದವರೂ ಬಿಡುತ್ತಾರೆ. ಮೂರೇ ಸೆಕೆಂಡು! ಅಪ್ಪ, ನಾನು ನಿಮ್ಮ ಮಗಳು. ಮೂರು ಸೆಕೆಂಡು ಸುಮ್ಮನಿರುವುದು ನನಗೆ ಎಂಥ ತಪಸ್ಸು ಅಂತ ನಿಮಗಿಂತ ಯಾರಿಗೆ ಗೊತ್ತು. ಮನಸ್ಸಿನಲ್ಲೇ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೊಡಿನ್ ಅಂತ ಎಣಿಸುತ್ತೇನೆ. ಅಯೊಡಿನ್ನಿಗೆ ಬರುವಷ್ಟರಲ್ಲಿ ಯಾರೋ ಒಬ್ಬರು ಕೆಮ್ಮಿ, ಬೆಂಚು ಕಿರ್‌ ಅನ್ನಿಸಿ, ಮಾತು ಶುರುಮಾಡುತ್ತಾರೆ. ನನಗೆ ಪಗಾರ ಕೊಡುತ್ತಿರುವುದು ಆ ಹ್ಯಾಲೊಜೆನ್ನುಗಳಿಗೆ. ಅದರ ಹಿಂದಿನ ರಾತ್ರಿ ಪ್ರಶ್ನೆ ಕಟ್ಟುವುದಕ್ಕೂ ಸೇರಿಸಿ. ಒಂದು ಗಂಟೆ ಪಾಠ ಹೇಳಲಿಕ್ಕೆ ಅರ್ಧ ಗಂಟೆ ಓದಿದರೆ ಸಾಕಿತ್ತು. ಈಗ ಅವರ ಒಂದು ಗಂಟೆಯ ಜಗಳಕ್ಕೆ ಮೂರು ಗಂಟೆ ಕೂಡುತ್ತೇನೆ.

ಎಲ್ಲ ಕಡೆಯೂ ಹೀಗೆ ಮಾಡುತ್ತೇನೆ ಅಂತಿಲ್ಲ. ಕ್ವಾಂಟಮ್ ಬಂದಾಗ ನಾನೇ ಮಾತಾಡುತ್ತೇನೆ. ಶ್ರೋಡಿಂಗರ್ ಸಮೀಕರಣವನ್ನು ನಾಲ್ವರು ಸೇರಿ ಕಂಡುಹಿಡಿಯಿರಿ ಅನ್ನುವುದು ಕಪಟ. ಕೆಕುಲೆಯ ಹಾವನ್ನೂ ಬಿಟ್ಟಿಲ್ಲ. ಮತ್ತೆ ಪೋರ್ಷನ್ ನಿಜವಾಗಿಯೂ ಹಿಂದೆ ಬೀಳುತ್ತದೆ. ಪರೀಕ್ಷೆ ಇನ್ನೂ ಕಂಠಪಾಠವನ್ನೇ ಕೇಳುತ್ತದೆ. ಕೊನೆಯ ಮೂರು ವಾರ ನಾನೂ ನೋಟ್ಸು ಕೊಟ್ಟು ಓಡಿಸುತ್ತೇನೆ. ಆ ಮೂರು ವಾರ ನನಗೆ ನನ್ನ ಮೇಲೇ ಗೌರವ ಇರುವುದಿಲ್ಲ.

ಈಗ ಕೆಲಸದ ಮಾತು. ನನ್ನ ಮದುವೆಯಲ್ಲಿ ನೀವು ಕೊಟ್ಟ ಬಿದ್ರಿ ಹೂದಾನಿಯನ್ನು ಹೋದ ತಿಂಗಳು ಕ್ಲಾಸಿಗೆ ಒಯ್ದಿದ್ದೆ. (ಬೈಯಬೇಡಿ, ಸೀರೆಯಲ್ಲಿ ಸುತ್ತಿ ಒಯ್ದೆ.) ಕೈಯಿಂದ ಕೈಗೆ ದಾಟಿಸಿ, ಏನು ಕಾಣುತ್ತದೋ ಬರೆಯಿರಿ ಅಂದೆ. ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಹೇಳುತ್ತಿದ್ದರು, ರಸಾಯನಶಾಸ್ತ್ರ ಮೂರು ಕಡೆ ವಾಸ ಮಾಡುತ್ತದೆ, ಕಣ್ಣಿಗೆ ಕಾಣುವಲ್ಲಿ, ಕಾಣದ ಕಣಗಳಲ್ಲಿ, ಬರೆಯುವ ಚಿಹ್ನೆಗಳಲ್ಲಿ, ಅಂತ. ನಾವು ಮೇಷ್ಟ್ರುಗಳು ಮೂರನೆಯ ಮನೆಯಲ್ಲೇ ಸಂಸಾರ ಹೂಡಿದ್ದೇವೆ. ಹುಡುಗರು ಅವತ್ತು ಮೊದಲನೆಯ ಮನೆ ಹೊಕ್ಕರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅಂತ ಮಾತ್ರ ಹೇಳಿದೆ. ಚಿತ್ರ ಬಿಡಿಸಲಿಕ್ಕೆ ಕುಶಲಕರ್ಮಿಗಳು ಮೊದಲು ಮೈಲುತುತ್ತ ಬಳಿದು ಕಪ್ಪು ಮಾಡಿಕೊಳ್ಳುತ್ತಾರಲ್ಲ, ಅದನ್ನು ಲ್ಯಾಬಿನ ಸತುವಿನ ತುಂಡಿನ ಮೇಲೆ ಅವರೇ ಮಾಡಿ ನೋಡಿದರು. ತುಂಡು ಕಪ್ಪಾಯಿತು, ದ್ರಾವಣದ ನೀಲಿ ತಿಳಿಯಾಯಿತು. ಸತುವು ತಾಮ್ರವನ್ನು ಹೊರಗೆ ತಳ್ಳಿತು ಅಂತ ಅವರೇ ಹೇಳಿದರು. ಆ ವೈವಾ ಹುಡುಗಿ ನೆನಪಾದಳು. ಇಲ್ಲಿ ಎಲ್ಲರ ಅಬ್ಸರ್ವೇಷನ್ ಪುಸ್ತಕದಲ್ಲೂ "ಬಂತು" ಇತ್ತು.

ಆಮೇಲೆ ಜಗಳ ಹತ್ತಿತು. ಕೊನೆಯ ಕಪ್ಪು ಬೀದರ್ ಕೋಟೆಯ ಮಣ್ಣು, ನವಸಾಗರ ಕೂಡಿಸಿ ಉಜ್ಜಿದಾಗ ಬರುವುದು, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ ಅಂತ ಹೇಳಿದ್ದೇ ತಡ, "ಮೇಡಮ್, ನಮ್ಮ ಮನೆಯಲ್ಲಿ ಬೆಳ್ಳಿ ಗೆಜ್ಜೆಯೇ ಕಪ್ಪಾಗೋದು!" ಅಂದಳು ಒಬ್ಬಳು. ಅದು ಗಂಧಕದ ಕೆಲಸ, ಇದು ಬೇರೆ ಅಂತ ಇನ್ನೊಬ್ಬ. ಹಾಗಾದರೆ ಈ ಮಣ್ಣಿನಲ್ಲಿ ಏನಿದೆ? ಹಳೇ ಗೋಡೆಯ ಉಪ್ಪು, ನೈಟ್ರೇಟು ಅಂದೆ. ಕಪ್ಪಾಗುವುದು ಸತುವೋ, ಅದರೊಳಗಿನ ಆ ಒಂದು ಪಾಲು ತಾಮ್ರವೋ? ಇದನ್ನು ಕೇಳಿದವಳು ಹುಕ್ಕಿನ ಹುಡುಗಿ. ಬೇರೆ ಊರಿನ ಮಣ್ಣು ಹಾಕಿದರೆ? ತಾಮ್ರವೇ ಇಲ್ಲದ ಬರೇ ಸತುವಿಗೆ ಹಾಕಿದರೆ? ನನ್ನ ಉತ್ತರ ಹೇಳಲಿಲ್ಲ. ಗಂಟೆ ಹೊಡೆಯಿತು, ಅವರು ಏಳಲಿಲ್ಲ. ಆ ಭಾನುವಾರ ಎಂಟು ಜನ ತಾವೇ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಿ ಬಿದ್ರಿ ಪಾತ್ರೆಗಳ ಮುಂದೆ ನಿಂತು ಬಂದಿದ್ದಾರೆ. ನಾನು ಕಳಿಸಿದ್ದಲ್ಲ.

ಹಾಗಾಗಿ ಒಂದು ಡಬ್ಬಿ ಕೋಟೆ ಮಣ್ಣು ಬೇಕು. ನೀವೇ ಹೋಗಿ ಅಗೆಯಬೇಡಿ. ಈ ವಯಸ್ಸಿನಲ್ಲಿ ಕಾವಲುಗಾರರ ಕೈಯಲ್ಲಿ ಸಿಕ್ಕಿಬಿದ್ದರೆ ಚೆನ್ನಲ್ಲ. ಬಿದ್ರಿ ಕೆಲಸದವರ ಓಣಿಯಲ್ಲಿ ಕೇಳಿ. ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರಲ್ಲ, ಅಂಥ ಹಿರಿಯರು ಯಾರಾದರೂ ಕೊಟ್ಟಾರು. ಜೊತೆಗೆ ನಮ್ಮ ಹಿತ್ತಲಿನ ಮಣ್ಣೂ ಒಂದು ಡಬ್ಬಿ, ಹೋಲಿಸಿ ನೋಡಲಿಕ್ಕೆ. ಬಸ್ಸಿನಲ್ಲಿ ಕಳಿಸುವುದಕ್ಕಿಂತ ನೀವೇ ಇಂಟರ್‌ಸಿಟಿ ಹತ್ತಿ ತಂದರೆ ಇನ್ನೂ ಒಳ್ಳೆಯದು. ಗುರುವಾರದ ಕ್ಲಾಸಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂಡ್ರಿ. ಯಾರಾದರೂ ತಪ್ಪು ಹೇಳಿದರೂ ಏಳಬೇಡಿ. ಏಳಬೇಕು ಅನ್ನಿಸಿದರೆ ಫ್ಲೋರಿನ್ನಿನಿಂದ ಶುರುಮಾಡಿ.

ಎರಡು ಡಬ್ಬಿಗೂ ಚೀಟಿ ಅಂಟಿಸಿ, ಯಾವುದು ಎಲ್ಲಿಯದು ಅಂತ ಬರೆಯಿರಿ. ಹೋದ ಸಲ ಬೋರಿಕ್ ಪುಡಿಯನ್ನು ಅವ್ವ ರವೆಯ ಡಬ್ಬಿಯ ಪಕ್ಕ ಇಟ್ಟದ್ದು ನನಗಿನ್ನೂ ಮರೆತಿಲ್ಲ. ಅವಳ ಮೊಣಕಾಲಿನ ವಿಷಯ ಈ ಸಲವಾದರೂ ಸರಿಯಾಗಿ ಬರೆಯಿರಿ.

ನಿಮ್ಮ ಮಗಳು